ಮೇಷ್ಟ್ರ ಮಂಡಕ್ಕಿ ಲೆಕ್ಕ

ಗಣಿತದ ಮೇಷ್ಟ್ರ ಮಗಳಿಗೆ ಗಣಿತದಲ್ಲಿ ಇಪ್ಪತ್ತೈದಕ್ಕೆ ಆರು ಬಂದರೆ ಅದು ಮಗಳ ತಪ್ಪೂ ಅಲ್ಲ, ಮೇಷ್ಟ್ರ ತಪ್ಪೂ ಅಲ್ಲ, ಪ್ರಶ್ನೆಪತ್ರಿಕೆ ತೆಗೆದವರ ತಪ್ಪು ಎಂದು ವಿಜಯಕುಮಾರ್ ಮೇಷ್ಟ್ರು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ವಾದಿಸಿದರು. ಊಟ ಮುಗಿದ ಮೇಲೆ ಆ ಪತ್ರಿಕೆಯನ್ನು ಓದಿ ನೋಡಿ ಮಡಿಚಿಟ್ಟರು. ಅದರಲ್ಲಿದ್ದದ್ದು ಅರ್ಧ, ಕಾಲು, ಮುಕ್ಕಾಲುಗಳ ಸಾದಾ ಲೆಕ್ಕ. ಇಂಥ ಲೆಕ್ಕವನ್ನು ಅವರು ಕಂಪ್ಲಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕಲಿಸಿದ್ದಾರೆ. ದಿನಾ ಹೊಸಪೇಟೆಯಿಂದ ಬಸ್ಸು ಹತ್ತಿ ಹೋಗಿ ಊರ ಮಕ್ಕಳನ್ನೆಲ್ಲ ಉದ್ಧಾರ ಮಾಡಿ ಬರುವ ಈ ಮಹಾನುಭಾವರಿಗೆ ಮನೆಯಲ್ಲಿರುವ ಏಳನೇ ಕ್ಲಾಸಿನ ಸಂಘಮಿತ್ರಾ ಮಾತ್ರ ದಕ್ಕಿರಲಿಲ್ಲ. ಅವಳು ಭಿನ್ನರಾಶಿ ಕಂಡ ಕೂಡಲೇ ತಲೆಯೆತ್ತಿ ಫ್ಯಾನು ನೋಡುತ್ತಿದ್ದಳು. (ಫ್ಯಾನಿಗೆ ಮೂರು ರೆಕ್ಕೆ, ಒಂದು ರೆಕ್ಕೆ ಎಂದರೆ ಮೂರನೇ ಒಂದು ಭಾಗ ಎಂದು ಮೇಷ್ಟ್ರು ಅಲ್ಲಿಗೂ ಬೆನ್ನು ಹತ್ತಿದ್ದರು. ಅಂದಿನಿಂದ ಅವಳು ಕಿಟಕಿ ನೋಡತೊಡಗಿದಳು.)

"ಇನ್ನ ನನ್ನ ಕೈಲಿ ಆಗೂದಿಲ್ಲ ನೋಡ್ರಿ," ಎಂದರು ಹೆಂಡತಿ ಯಶೋಧರಾ. "ಸೋಮವಾರದಿಂದ ಭರಮಣ್ಣೋರ ಟ್ಯೂಷನ್ನಿಗೆ ಹಾಕ್ತೀನಿ."

ಮೇಷ್ಟ್ರ ಕೈಯಲ್ಲಿದ್ದ ಮಜ್ಜಿಗೆ ಲೋಟ ಅಲ್ಲೇ ನಿಂತಿತು. ಭರಮಣ್ಣ ಎಂದರೆ ಹಿಂದಿನ ಬೀದಿಯ ಟ್ಯೂಷನ್ ಭರಮಣ್ಣ. ಬಿ.ಎಡ್. ಓದುವಾಗ ಇಬ್ಬರದೂ ಒಂದೇ ಬೆಂಚು. ಪ್ರತಿ ಪರೀಕ್ಷೆಯಲ್ಲೂ ಮೇಷ್ಟ್ರಿಗಿಂತ ಹಿಂದೆ ಬಿದ್ದ ಆ ಮನುಷ್ಯ ಈಗ ಕೈಕಟ್ಟಿ ನಿಂತ ತನ್ನ ಫೋಟೋ ಹಾಕಿಸಿ, "ಗಣಿತ ಅಂದರೆ ಭಯವೇ? ಭರಮಣ್ಣ ಇದ್ದಾರೆ!" ಎಂದು ಬೀದಿ ಮೂಲೆಯಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿಸಿದ್ದ. ಅದನ್ನು ನೋಡಬಾರದೆಂದೇ ಮೇಷ್ಟ್ರು ಬಸ್‌ಸ್ಟ್ಯಾಂಡಿಗೆ ಎರಡು ಬೀದಿ ಸುತ್ತಿ ಹೋಗುತ್ತಿದ್ದರು.

"ಗಣಿತದ ಮೇಷ್ಟ್ರ ಮಗಳು ಗಣಿತದ ಟ್ಯೂಷನ್ನಿಗೆ ಹೋಗೂದಾ? ಮಂದಿ ಏನಂತಾರ? ನಾ ಸತ್ರೂ ಆತನ ಹೊಸ್ತಿಲ ತುಳಿಯೂದಿಲ್ಲ!"

"ನಿಮ್ಮನ್ನ ಯಾರ್ ಕರದ್ರು? ಹೋಗಾಕಿ ಅವಳು."

ಮರ್ಯಾದೆ ಹೋಗುವ ಸಮಯದಲ್ಲಿ ಬುದ್ಧಿ ಚುರುಕಾಗುತ್ತದೆ. ಮೇಷ್ಟ್ರಿಗೆ ಹಿಂದೊಮ್ಮೆ ಹೋಗಿದ್ದ ತರಬೇತಿ ನೆನಪಾಯಿತು. ಮಧ್ಯಾಹ್ನದ ಊಟವಾದ ಮೇಲೆ, ಅವರು ತೂಕಡಿಸುತ್ತಿದ್ದ ಹೊತ್ತಿನಲ್ಲಿ, ವೇದಿಕೆಯ ಮೇಲೆ ಯಾರೋ ಹೇಳಿದ್ದರು: ಮಕ್ಕಳಿಗೆ ಗಣಿತವನ್ನು ಅಡುಗೆಮನೆಯಲ್ಲಿ ಕಲಿಸಿರಿ, ಅಳೆಯುತ್ತ, ತೂಗುತ್ತ, ಕುದಿಸುತ್ತ ಕಲಿಯಲಿ. (ಮುಂದಿನದನ್ನು ಮೇಷ್ಟ್ರು ಕೇಳಿಸಿಕೊಂಡಿರಲಿಲ್ಲ. ಬಹುಶಃ ಮೊದಲು ಮೇಷ್ಟ್ರು ಅಡುಗೆ ಕಲಿತಿರಬೇಕು ಎಂದೂ ಹೇಳಿದ್ದಿರಬಹುದು.)

"ಪಾಕಗಣಿತ!" ಎಂದು ಮೇಷ್ಟ್ರು ಗುಡುಗಿದರು. "ಯಶೋಧಾ, ಈ ಹುಣ್ಣಿಮಿ ವಂದನಾ ನಮ್ಮ ಮನ್ಯಾಗ ಅಲ್ಲೇನು? ಆವತ್ತಿನ ಮಂಡಕ್ಕಿ ವಗ್ಗರಣಿ ನಾನು, ನನ್ನ ಮಗಳು ಮಾಡ್ತೀವಿ. ಎಲ್ಲಾ ಲೆಕ್ಕ ಆಕಿ ಕೈಲೇ ಮಾಡಿಸ್ತೀನಿ. ಆಕಿಗೆ ತಿಳೀಲಿಲ್ಲ ಅಂದ್ರ ಸೋಮವಾರ ಟ್ಯೂಷನ್ನಿಗೆ ಕಳಿಸು."

ಬಡಾವಣೆಯ ಬೌದ್ಧ ಮನೆಗಳವರು ಹುಣ್ಣಿಮೆಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಸೇರಿ ಬುದ್ಧವಂದನೆ ಮಾಡುತ್ತಾರೆ. ವಂದನೆಯಾದ ಮೇಲೆ ಆ ಮನೆಯವರು ತಿಂಡಿ, ಚಹಾ ಕೊಡಬೇಕು. ಈ ಸಲ ಹುಣ್ಣಿಮೆ ಭಾನುವಾರವೇ ಬಿದ್ದಿತ್ತು. ನಲವತ್ತು ಜನ ಬರುವವರು. ಅಷ್ಟು ಜನರ ತಿಂಡಿ ಗಂಡನ ಪಾಲಾಯಿತೆಂದರೆ ಯಾವ ಹೆಂಡತಿಯಾದರೂ ಒಂದು ಗಳಿಗೆ ಹೆದರಬೇಕಿತ್ತು. ಯಶೋಧರಾ ಹೆದರಲಿಲ್ಲ.

"ಆತು. ಆದ್ರ ಆಡಿದ ಮಾತಿನ ಮ್ಯಾಲೆ ನಿಲ್ಲಬೇಕು."

"ನಾ ನಿಲ್ತೀನಿ. ನೀ ಮಾತ್ರ ನಡುವ ಬಾಯಿ ಹಾಕಬಾರದು. ಒಂದ ಒಂದು ಮಾತೂ ಬ್ಯಾಡ."

"ಹಾಕೂದಿಲ್ಲ," ಎಂದು ಯಶೋಧರಾ ಇಷ್ಟು ಬೇಗ ಒಪ್ಪಿಕೊಂಡಾಗಲೇ ಮೇಷ್ಟ್ರಿಗೆ ಅನುಮಾನ ಬರಬೇಕಿತ್ತು.

ಶನಿವಾರ ಸಂಜೆ ಪಾಕಗಣಿತದ ಮೊದಲ ಪಾಠ. ಅಮ್ಮನ ಅಳತೆ ಏನೆಂದು ಮಗಳೇ ಕೇಳಿಕೊಂಡು ಬಂದಿದ್ದಳು: ನಾಲ್ಕು ಜನಕ್ಕೆ ಎರಡು ಸೇರು ಮಂಡಕ್ಕಿ, ಎರಡು ಈರುಳ್ಳಿ, ಆರು ಹಸಿಮೆಣಸಿನಕಾಯಿ. ನಲವತ್ತು ಜನಕ್ಕೆ ಇಪ್ಪತ್ತು ಸೇರು ಎಂಬಲ್ಲಿಗೆ ಇಬ್ಬರೂ ಸರಿಯಾಗಿಯೇ ಬಂದು ಮುಟ್ಟಿದರು. ಅಲ್ಲಿಂದ ಮುಂದೆ ಮೇಷ್ಟ್ರು ಒಬ್ಬರೇ ಹೋದರು.

"ಸೇರು, ಪಾವು ಎಲ್ಲಾ ಹಳೇ ಕಾಲದ್ದು ಮಿತ್ರಾ. ನಾವು ಮೆಟ್ರಿಕ್ ಪದ್ಧತಿಗೆ ಬರಬೇಕು. ಒಂದು ಸೇರು ಅಂದ್ರ ಹತ್ತಿರ ಹತ್ತಿರ ಒಂದು ಕಿಲೋ. ಹಂಗಾದ್ರ ಇಪ್ಪತ್ತು ಸೇರು ಎಷ್ಟು?"

"ಇಪ್ಪತ್ತು ಕಿಲೋ," ಎಂದಳು ಮಗಳು ಕಿಟಕಿ ನೋಡುತ್ತಾ.

"ಶಹಬ್ಬಾಶ್!"

ಮೇಷ್ಟ್ರನ್ನು ಪೂರ್ತಿ ಬೈಯುವ ಹಾಗಿಲ್ಲ. ಅವರು ಹುಟ್ಟಿ ಬೆಳೆದದ್ದು ಕಂಪ್ಲಿಯ ರೈಸ್‌ಮಿಲ್ಲಿನ ಪಕ್ಕದ ಓಣಿಯಲ್ಲಿ. ಆ ಊರಿನವರಿಗೆ ಸೇರು ಎಂದರೆ ಅಕ್ಕಿಯ ಸೇರು. ಲೋಕದಲ್ಲಿ ಸೇರಿನಿಂದ ಅಳೆಯುವ ಬೇರೆ ಪದಾರ್ಥವೂ ಇದೆ ಎಂದು ಅವರ ಮನಸ್ಸಿಗೆ ಹೊಳೆಯುವುದು ಕಷ್ಟ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಯಶೋಧರಾ ಮಾತ್ರ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದರು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಆಕೆ.

ಮೇಷ್ಟ್ರು ಮಂಡಕ್ಕಿ ಹುರಿಯುವ ಭಟ್ಟಿಯ ಅಂಜಿನಯ್ಯನಿಗೆ ಫೋನು ಹಚ್ಚಿದರು.

"ಇಪ್ಪತ್ತು ಕಿಲೋ ಮಂಡಕ್ಕಿ ಕಳಿಸಪ್ಪ."

"ಕಿಲೋನಾ? ಎಷ್ಟು ಸೇರು ಅಂತ ಹೇಳ್ರಿ ಸಾರ್."

"ಸೇರು ಗೀರು ಬ್ಯಾಡ. ಕಿಲೋ ಲೆಕ್ಕದಾಗ ಕೊಡು."

"ಸಾರ್, ಮಿರ್ಚಿ ಅಂಗಡಿ ಗಿಂಗಡಿ ಹಾಕೀರೇನ್ರಿ?"

"ಇದು ಗಣಿತ ಅಂಜಿನಯ್ಯ, ನಿನಗ ತಿಳಿಯೂದಿಲ್ಲ."

"ಹಂಗಂದ್ರ ಸರಿ ಬಿಡ್ರಿ," ಎಂದ ಅಂಜಿನಯ್ಯ. ಗಣಿತ ಎಂದ ಮೇಲೆ ಅವನು ಇನ್ನೇನೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಮನೆ ಮುಂದೆ ಆಟೋ ನಿಂತಿತು. ಅದರಲ್ಲಿ ಡ್ರೈವರನ ಮುಖ ಬಿಟ್ಟರೆ ಉಳಿದದ್ದೆಲ್ಲ ಮಂಡಕ್ಕಿಯೇ. ಒಂದು ಚೀಲ ಒಳಗೆ, ಒಂದು ಚೀಲ ಮೇಲೆ, ಇನ್ನೊಂದು ಹಿಂದೆ ಹಗ್ಗ ಬಿಗಿದುಕೊಂಡು ಜೋತಾಡುತ್ತಿತ್ತು. ಮೂರನ್ನೂ ಪಡಸಾಲೆಯಲ್ಲಿ ನಿಲ್ಲಿಸಿದರೆ ಬೀಗರು ಬಂದು ನಿಂತಂತೆ ಕಾಣುತ್ತಿತ್ತು. ಮೇಷ್ಟ್ರಿಗೆ ಒಳಗೊಳಗೇ ಅಳುಕು ಹುಟ್ಟಿತು. ಆದರೆ ಪದಾರ್ಥ ದೊಡ್ಡದಾಗಿ ಕಂಡಿತೆಂದು ಲೆಕ್ಕ ಬದಲಿಸುವವನು ಗಣಿತಜ್ಞನಲ್ಲ.

"ನೆನಸಿದ ಮ್ಯಾಲೆ ಕುಗ್ಗತೈತಿ," ಎಂದು ಮಗಳಿಗೂ ತಮಗೂ ಧೈರ್ಯ ಹೇಳಿ, ಮೊದಲ ಚೀಲದ ಬಾಯಿ ಬಿಚ್ಚಿ ಅಷ್ಟನ್ನೂ ಬಚ್ಚಲಿನ ನೀರಿನ ಡ್ರಮ್ಮಿಗೆ ಸುರಿದೇಬಿಟ್ಟರು. ಮಂಡಕ್ಕಿ ಮುಳುಗಲು ಒಪ್ಪಲಿಲ್ಲ. ಈ ಕಡೆ ಒತ್ತಿದರೆ ಆ ಕಡೆ ಏಳುತ್ತಿತ್ತು, ಆ ಕಡೆ ಒತ್ತಿದರೆ ಅಂಗಿಯ ತೋಳಿನೊಳಗೆ ಹೋಗುತ್ತಿತ್ತು. ಕಡೆಗೆ ಮೇಷ್ಟ್ರು ಮೊಳಕೈ ತನಕ ಕೈಯಿಳಿಸಿ, ಗುದ್ದಾಡಿ, ಅದನ್ನು ಸೋಲಿಸಿದರು. ಮೀಸೆಯಲ್ಲೂ ಮಂಡಕ್ಕಿ.

"ಎರಡನೇ ಚೀಲ ಉರುಳಿಸಿಕೊಂಡು ಬಾ ಮಿತ್ರಾ!"

ಮಿತ್ರಾ ಬರಲಿಲ್ಲ. ಮೇಷ್ಟ್ರು ಬಚ್ಚಲಿನ ಬಾಗಿಲಿಗೆ ಬಂದು ಇಣುಕಿದರೆ, ಪಡಸಾಲೆಯಲ್ಲಿ ಅವಳು ಎರಡನೇ ಚೀಲದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಅಮ್ಮ ದಿನಾ ಬಳಸುವ ಹಿತ್ತಾಳೆ ಸೇರಿನಲ್ಲಿ ಮಂಡಕ್ಕಿ ತುಂಬಿ, ಅಡುಗೆಮನೆಯ ಪುಟ್ಟ ತಕ್ಕಡಿಯ ಮೇಲೆ ಸುರಿದು ನೋಡುತ್ತಿದ್ದಳು. ಮತ್ತೊಮ್ಮೆ ತುಂಬಿದಳು, ಮತ್ತೊಮ್ಮೆ ಸುರಿದಳು. ಅವಳ ಹುಬ್ಬು ಗಂಟಿಕ್ಕಿತ್ತು. ಅವಳ ಅಂಥ ಮುಖವನ್ನು ಮೇಷ್ಟ್ರು ಹಿಂದೆಂದೂ ನೋಡಿರಲಿಲ್ಲ.

"ಯಪ್ಪಾ, ಒಂದು ಸೇರು ಮಂಡಕ್ಕಿ ಒಂದು ಕಿಲೋ ಇಲ್ಲ. ಬರೇ ನೂರು ಗ್ರಾಂ ಐತಿ!"

"ತಕ್ಕಡಿ ಕೆಟ್ಟಿರಬೇಕು."

"ಒಂದು ಸೇರು ಅಕ್ಕಿ ಹಾಕಿ ನೋಡಿದೆ, ಹತ್ತಿರ ಹತ್ತಿರ ಒಂದು ಕಿಲೋ ಬಂತು, ತಕ್ಕಡಿ ಸರಿ ಐತಿ. ಸೇರು ಅಂದ್ರ ಎಷ್ಟು ಜಾಗ ಹಿಡೀತೈತಿ ಅಂತ ಹೇಳೂದು, ಎಷ್ಟು ಭಾರ ಐತಿ ಅಂತಲ್ಲ! ನೂರು ಗ್ರಾಂ ಅಂದ್ರ ಕಿಲೋದಾಗ ಹತ್ತನೇ ಒಂದು ಭಾಗ. ನಮಗ ಬೇಕಾಗಿದ್ದು ಎರಡು ಕಿಲೋ. ನೀನು ಹತ್ತು ಪಟ್ಟು ತರಿಸೀಯಪ್ಪ!"

ಮೇಷ್ಟ್ರು ಬಚ್ಚಲಿನ ಬಾಗಿಲಲ್ಲೇ ಕುಸಿದು ಕುಳಿತರು. ಹಿಂದೆ ಡ್ರಮ್ಮಿನಲ್ಲಿ ಏಳು ಕಿಲೋ ಮಂಡಕ್ಕಿ ಮೆತ್ತಗೆ ನೆನೆಯುತ್ತಿತ್ತು. ಒಣ ಮಂಡಕ್ಕಿಯನ್ನು ವಾಪಸು ಕೊಡಬಹುದು, ನೆಂದದ್ದನ್ನು ಯಾರಿಗೆ ಕೊಡುವುದು? ಸಂಜೆ ನಲವತ್ತು ಜನ ಬರುತ್ತಾರೆ, ನಗುತ್ತಾರೆ. ನಾಳೆ ಮಗಳು ಚೀಲ ನೇತುಹಾಕಿಕೊಂಡು ಭರಮಣ್ಣನ ಟ್ಯೂಷನ್ನಿಗೆ ಹೋಗುತ್ತಾಳೆ. ಅವರಿಗೆ ನಿಜವಾಗಿಯೂ ಅಳು ಬಂದಂತಾಯಿತು.

ಮಗಳಿಗೆ ಅಳುವಷ್ಟು ಪುರುಸೊತ್ತಿರಲಿಲ್ಲ. "ಏಳು ಕಿಲೋ ಅಂದ್ರ ಎಪ್ಪತ್ತು ಸೇರು. ನಾವು ಈರುಳ್ಳಿ, ಮೆಣಸಿನಕಾಯಿ ಹೆಚ್ಚಿಟ್ಟಿದ್ದು ಇಪ್ಪತ್ತು ಸೇರಿಗೆ. ಎಪ್ಪತ್ತರಾಗ ಇಪ್ಪತ್ತು ಎಷ್ಟು ಸಲ... ಮೂರು ಸಲ, ಮ್ಯಾಲೆ ಹತ್ತು ಉಳೀತು, ಅದು ಇಪ್ಪತ್ತರ ಅರ್ಧ. ಮೂರೂವರೆ! ಎಲ್ಲಾ ಮೂರೂವರೆ ಪಟ್ಟು ಹಾಕಬೇಕು."

"ಮೂರೂವರೆ ಪಟ್ಟು!" ಮೇಷ್ಟ್ರಿಗೆ ಜೀವ ಬಂತು. "ಹಂಗಾದ್ರ ಎಪ್ಪತ್ತು ಈರುಳ್ಳಿ! ಈಗ ತರ್ತೀನಿ ತಾಳು!"

"ಇಪ್ಪತ್ತು ಆಗ್ಲೇ ಹೆಚ್ಚೀವಲ್ಲಪ್ಪ. ಐವತ್ತು ಸಾಕು."

ಮೇಷ್ಟ್ರು ಕೈಚೀಲ ತೆಗೆದುಕೊಂಡು ಹೊರಟರು.

ಆಮೇಲೆ ಆ ಮನೆಯಲ್ಲಿ ನಡೆದದ್ದು ಒಂದು ಸಣ್ಣ ಯುದ್ಧ. ಪಕ್ಕದ ಮನೆಯ ಶಾಂತಕ್ಕ ಮದುವೆ ಮನೆಗೆ ಕೊಡುವ ತಮ್ಮ ದೊಡ್ಡ ಕೊಪ್ಪರಿಗೆ ಉರುಳಿಸಿಕೊಂಡು ಬಂದರು. ಮಿತ್ರಾ ಸ್ಟೂಲಿನ ಮೇಲೆ ನಿಂತು ಅಪ್ಪಣೆ ಕೊಡುವಳು: ಎಣ್ಣೆ ಇಷ್ಟು, ಉಪ್ಪು ಇಷ್ಟು, ಹುಣಸೆರಸ ಇಷ್ಟು, ಹುರಿಗಡಲೆಯ ಪುಠಾಣಿ ಪುಡಿ ಕಡೆಗೆ. ಮುಕ್ಕಾಲು ಬಟ್ಟಲನ್ನು ಮೂರೂವರೆ ಪಟ್ಟು ಮಾಡಿದರೆ ಎರಡು ಬಟ್ಟಲು, ಮೇಲೆ ಅರ್ಧಕ್ಕಿಂತ ತುಸು ಜಾಸ್ತಿ ಎಂದು ಅವಳು ಬಾಯಲ್ಲೇ ಹೇಳಿದಾಗ ಮೇಷ್ಟ್ರು ಗುಟ್ಟಾಗಿ ಮೊಬೈಲಿನಲ್ಲಿ ಗುಣಿಸಿ ನೋಡಿದರು. ಸರಿಯಾಗಿತ್ತು. ಮಂಡಕ್ಕಿ ಹಿಂಡಿ ಹಿಂಡಿ ಅವರ ಕೈ ಸೋತಿತ್ತು, ಆದರೂ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ವಂದನೆ ಮುಗಿಯಿತು. ಬಂದವರು ತಿಂದರು, ಮತ್ತೆ ಹಾಕಿಸಿಕೊಂಡು ತಿಂದರು, ಡಬ್ಬಿಗಳಲ್ಲಿ ಮನೆಗೂ ಒಯ್ದರು. ಓಣಿಯ ಯಾವ ಮನೆಯಲ್ಲೂ ಆ ರಾತ್ರಿ ಒಲೆ ಹಚ್ಚಲಿಲ್ಲ. ಎಲ್ಲರಿಗಿಂತ ಹೆಚ್ಚು ತಿಂದವನು ಮೂಲೆಯಲ್ಲಿ ಕುಳಿತಿದ್ದ ಒಬ್ಬ ದಪ್ಪ ಮನುಷ್ಯ. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಭರಮಣ್ಣ!

"ಈತನ್ನ ಯಾರು ಕರದ್ರು?" ಎಂದು ಹೆಂಡತಿಯ ಕಿವಿಯಲ್ಲಿ ಹಲ್ಲು ಕಡಿದರು.

"ನಾನ. ಬಾಯಿ ಹಾಕಬ್ಯಾಡ ಅಂದಿದ್ರಿ, ಯಾರನ್ನೂ ಕರೀಬ್ಯಾಡ ಅನ್ಲಿಲ್ಲ."

ಭರಮಣ್ಣ ಮಿತ್ರಾಳನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಕೇಳಿಸಿಕೊಂಡ. ಸೇರು, ಕಿಲೋ, ಡ್ರಮ್ಮು, ಮೂರೂವರೆ, ಏನನ್ನೂ ಆ ಹುಡುಗಿ ಬಚ್ಚಿಡಲಿಲ್ಲ. ಭರಮಣ್ಣ ನಕ್ಕ ನಗೆಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಎದ್ದು ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ.

"ವಿಜಯಾ, ಈಕಿಗೆ ಯಾವ ಟ್ಯೂಷನ್ನೂ ಬ್ಯಾಡೋ ಮಾರಾಯಾ."

ಮೇಷ್ಟ್ರ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು. ಗೆದ್ದಿದ್ದರು! ಹೆಂಡತಿಯ ಕಡೆ ವಿಜಯದ ನೋಟ ಬೀರಿದರು.

"ಆದ್ರ ಒಂದು," ಎಂದ ಭರಮಣ್ಣ. "ನನ್ನ ಹುಡುಗ್ರಿಗೂ ಭಿನ್ನರಾಶಿ ಅಂದ್ರ ಚಳಿಜ್ವರ. ಬರೋ ಭಾನುವಾರ ಈಕಿ ಬಂದು ಇದನ್ನ ಮಾಡಿ ತೋರಿಸಲಿ. ಹೆಂಗೂ ಎರಡು ಚೀಲ ಉಳದಾವಲ್ಲ?"

"ಬರ್ತೀನಿ ಸಾರ್!" ಮಿತ್ರಾ ಕುಣಿದಳು. "ಆದ್ರ ಅಪ್ಪನೂ ಬರಬೇಕು."

"ನಾನ್ಯಾಕ?" ಎಂದರು ಮೇಷ್ಟ್ರು ಗಾಬರಿಯಿಂದ.

"ನೀನು ತಪ್ಪು ಮಾಡಿದ್ರ ತಾನ ನಾ ಹಿಡಿಯಾಕ ಆಗೂದು?"

ಮಗಳ ಮುಖದಲ್ಲಿ ಗಣಿತದ ಹೆಸರಿಗೆ ಅಷ್ಟು ಬೆಳಕು ಕಂಡ ಮೇಲೆ ಇಲ್ಲವೆನ್ನಲು ಯಾವ ಅಪ್ಪನಿಗೆ ನಾಲಿಗೆ ಏಳುತ್ತದೆ?

ಮುಂದಿನ ಭಾನುವಾರ ಮಂಡಕ್ಕಿ ಚೀಲವನ್ನು ತಲೆಯ ಮೇಲೆ ಹೊತ್ತು, ಪರಿಚಯದವರು ಯಾರೂ ಎದುರು ಬಾರದಿರಲಿ ಎಂದುಕೊಳ್ಳುತ್ತ, ವಿಜಯಕುಮಾರ್ ಮೇಷ್ಟ್ರು ಭರಮಣ್ಣನ ಹೊಸ್ತಿಲು ದಾಟಿದರು. ಒಳಗೆ ಚಾಪೆಯ ಮೇಲೆ ಮಕ್ಕಳು ಕಿಕ್ಕಿರಿದಿದ್ದರು, ಹಿಂದೆ ಕೆಲವರ ತಾಯಂದಿರೂ ಇದ್ದರು. ಮೇಷ್ಟ್ರು ಮಾನ ಉಳಿಸಿಕೊಳ್ಳಬೇಕೆಂದು ಹಟ ತೊಟ್ಟು, ಅಳತೆ, ತೂಕ, ಪಟ್ಟು ಎಲ್ಲವನ್ನೂ ಒಂದಿಷ್ಟೂ ತಪ್ಪಿಲ್ಲದೆ ವಿವರಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಆಕಳಿಸತೊಡಗಿದರು. ಒಬ್ಬ ಗೋಡೆಗೊರಗಿ ನಿದ್ದೆ ಹೋದ.

ಮಿತ್ರಾ ಅಂಗಿ ಜಗ್ಗಿದಳು. "ಯಪ್ಪಾ, ತಪ್ಪು ಮಾಡಪ್ಪ," ಎಂದು ಅಂಗಲಾಚಿದಳು.

ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ಒಂದು ಚುಕ್ಕೆಯನ್ನೂ ತಪ್ಪಿಡದ ಮನುಷ್ಯ ಅತ್ತಿತ್ತ ನೋಡಿದರು. ಭರಮಣ್ಣ ಬೇಕೆಂದೇ ಮುಖ ಆಚೆ ತಿರುಗಿಸಿದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ, "ಒಂದು ಸೇರು ಮಂಡಕ್ಕಿ ಅಂದ್ರ ಒಂದು ಕಿಲೋ," ಎಂದರು.

ಮನೆ ಹಾರಿಹೋಗುವಂತೆ ಕೂಗೆದ್ದಿತು. ನಿದ್ದೆಯವನೂ ಎಚ್ಚರಗೊಂಡು ಕೈಯೆತ್ತಿದ. ಹತ್ತು ಮಕ್ಕಳು ತಕ್ಕಡಿಗೆ ಮುಗಿಬಿದ್ದರು, ಸೇರು ಕಸಿದಾಡಿದರು, ಹತ್ತನೇ ಒಂದು ಭಾಗ, ಹತ್ತನೇ ಒಂದು ಭಾಗ ಎಂದು ಕಿರುಚಿದರು. ನಡುವೆ ನಿಂತ ಮಿತ್ರಾ ದೊಡ್ಡ ಮೇಡಮ್ಮಿನ ಹಾಗೆ ಎಲ್ಲರನ್ನೂ ಸಾಲಾಗಿ ಕೂರಿಸುತ್ತಿದ್ದಳು. ಮೇಷ್ಟ್ರು ಮೂಲೆಯಲ್ಲಿ ಕುಳಿತು ಈರುಳ್ಳಿ ಹೆಚ್ಚಿದರು. ಮರ್ಯಾದೆ ಹೋದದ್ದಕ್ಕೆ ನೋವಾಗಬೇಕಿತ್ತು, ಯಾಕೋ ಆಗುತ್ತಿರಲಿಲ್ಲ.

ವಗ್ಗರಣೆ ತಿಂದು ಕೈತೊಳೆದ ಮೇಲೆ ಒಬ್ಬ ತಾಯಿ ಭರಮಣ್ಣನ ಬಳಿ ಬಂದು ಮೇಷ್ಟ್ರಿಗೆ ಕೇಳಿಸುವ ಹಾಗೆಯೇ ವಿಚಾರಿಸಿದರು: "ನಮ್ಮ ಹುಡುಗ ಇವತ್ತ ಮೊದಲ ಸಲ ಪಾಠದಾಗ ಬಾಯಿ ಬಿಟ್ಟಾನ ನೋಡ್ರಿ. ಬರೋ ವಾರಾನೂ ಈ ತಪ್ಪು ಹೇಳೋ ಮೇಷ್ಟ್ರನ್ನ ಕರಸ್ತೀರೇನ್ರಿ?"

"ಪ್ರತಿ ವಾರ ಬರ್ತಾರ್ರಿ," ಎಂದಳು ಸಂಘಮಿತ್ರಾ, ಅಪ್ಪ ಬಾಯಿ ತೆರೆಯುವ ಮೊದಲೇ.