ಧರೆಪ್ಪನ ಹೊಲಿಗೆಯ ಕಾವಲು

ಕೃಷ್ಣಾ ನದಿಯ ಈಚೆಗಾಗಲಿ ಆಚೆಗಾಗಲಿ, ಏಕಸಂಬಿಯ ಧರೆಪ್ಪನದಷ್ಟು ಹೆಸರುವಾಸಿ ಹರ್ನಿಯಾ ಇನ್ನೊಂದಿರಲಿಲ್ಲ. ಊರಿಗೆ ಮೊದಲ ಟೀವಿ ಬಂದ ವರ್ಷವದು. ಟೀವಿ ನೋಡಲು ಹೋದವರಿಗಿಂತ ಧರೆಪ್ಪನ ಹೊಟ್ಟೆ ನೋಡಲು ಬಂದವರೇ ಹೆಚ್ಚು. ಆಪರೇಷನ್ ಮಾಡಿದ ಡಾಕ್ಟರರು, ಕೆಮ್ಮಿದರೆ, ತಿಣುಕಿದರೆ, ಭಾರ ಎತ್ತಿದರೆ ಅದು ಮತ್ತೆ ಬರುತ್ತದೆ, ಬೀಡಿಯನ್ನಂತೂ ಮುಟ್ಟಲೇಬೇಡ ಎಂದು ಹೇಳಿ ಕಳಿಸಿದ್ದರು. ಹೆಂಡತಿ ಶಿವಗಂಗವ್ವ ಅಷ್ಟಕ್ಕೇ ಬಿಡದೆ, ದೇವಿಯ ಭಂಡಾರದ ಅರಿಸಿನ ಮುಟ್ಟಿಸಿ, ಬೀಡಿ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದ್ದಳು. ಆಣೆ ಮುರಿದರೆ ತವರಿಗೆ ಹೋಗುವವಳೇ. ಹೋಗುವಾಗ ಎಮ್ಮೆಯನ್ನೂ ಹೊಡೆದುಕೊಂಡು ಹೋಗುವವಳೇ. ಧರೆಪ್ಪನಿಗೆ ಎಮ್ಮೆಯ ಮಾತು ಹೆಚ್ಚು ನಾಟಿತ್ತು.

ಅವನು ದವಾಖಾನೆಯಿಂದ ಮರಳಿದ ಮರುದಿನ ಬೆಳಿಗ್ಗೆ ಮನೆ ಸಂತೆಯಾಗಿತ್ತು. ಮಲಗಿಯೇ ಇರಬೇಕೆಂದು ನೆರೆಮನೆಯ ಮುರಗೆಪ್ಪ. ಮಲಗಿದರೆ ಕರುಳು ಜಾರುತ್ತದೆ, ಅಡ್ಡಾಡಬೇಕೆಂದು ಎದುರುಮನೆಯ ಬಾಬಾಸಾಹೇಬ. ನಕ್ಕರೆ ಹೊಲಿಗೆ ಹರಿಯುತ್ತದೆಂಬಲ್ಲಿ ಮಾತ್ರ ಇಬ್ಬರೂ ಒಂದೇ. ಏಳಲೋ ಮಲಗಲೋ ತಿಳಿಯದೆ ಧರೆಪ್ಪ ಅರ್ಧ ಎದ್ದು, ಮುರಿದ ಕೊಡೆಯಂತೆ ನಿಂತ. ಗೆಳೆಯ ಜಕ್ಕಪ್ಪನೋ, ರೋಗಿಯ ಮನೆಗೆ ಬರಿಗೈಲಿ ಬರಬಾರದೆಂದು ನಿಪ್ಪಾಣಿ ಬೀಡಿಯ ದಪ್ಪ ಕಟ್ಟೊಂದನ್ನು ಮೆಲ್ಲಗೆ ಅವನ ಕೈಗಿಟ್ಟ. ಅಷ್ಟರಲ್ಲಿ ಶಿವಗಂಗವ್ವ ಚಹಾ ತಂದಳು. ಧರೆಪ್ಪ ಗಡಬಡಿಸಿ ಕಟ್ಟನ್ನು ಧೋತರದೊಳಗೆ ಉಡದಾರಕ್ಕೆ ಸಿಕ್ಕಿಸಿದ.

ಅವಳು ಚಹಾದ ಬಸಿಯನ್ನು ನೆಲಕ್ಕಿಟ್ಟು ಬಗ್ಗಿ ನೋಡಿದಳು. “ಅಯ್ಯ ಶಿವನ, ಅದೇನ್ರಿ ಹೊಟ್ಟಿ ಕೆಳಗ ಉಬ್ಬೈತಿ?”

“ಏನಿಲ್ಲ ಬಿಡ.”

ಮುರಗೆಪ್ಪ ದೂರದಿಂದಲೇ ರೋಗ ಹಿಡಿದುಬಿಟ್ಟ. “ಹೊಲಿಗಿ ಬಿಚ್ಚೈತಿ. ಯಾರೂ ಮುಟ್ಟಬ್ಯಾಡ್ರಿ, ಒಡದ್ರ ಊರಿಗೇ ತ್ರಾಸ. ಟ್ರ್ಯಾಕ್ಟರ್ ತರ್ರಿ.”

ಎಮ್ಮೆಯನ್ನು ಕಳೆದುಕೊಳ್ಳುವುದೋ, ಇನ್ನೊಮ್ಮೆ ಕೊಯ್ಸಿಕೊಳ್ಳುವುದೋ? ಧರೆಪ್ಪ ತೀರ್ಮಾನಿಸುವ ಮೊದಲೇ ಜನ ಅವನನ್ನು ಕಬ್ಬಿನ ಟ್ರೇಲರಿಗೆ ಏರಿಸಿದ್ದರು. ಚಿಕ್ಕೋಡಿಯವರೆಗೆ ಆ ಟ್ರೇಲರು ನೆಲ ಮುಟ್ಟಿದ್ದೇ ಕಡಿಮೆ. ಬೀಡಿಕಟ್ಟು ಜಾರಬಾರದೆಂದು ಧರೆಪ್ಪ ಹೊಟ್ಟೆ ಉಬ್ಬಿಸಿ, ಉಸಿರು ಬಿಗಿಹಿಡಿದು, ಧೂಳಿಗೆ ಬಂದ ಕೆಮ್ಮನ್ನೆಲ್ಲ ನುಂಗುತ್ತ, ತಿಣುಕುತ್ತ ಹೋದ. ಅವನ ಸಂಕಟ ನೋಡಿ ಬಾಬಾಸಾಹೇಬ ಅತ್ತೇಬಿಟ್ಟ.

ದವಾಖಾನೆಯಲ್ಲಿ ಡಾಕ್ಟರರು ಧೋತರ ಸಡಿಲಿಸಿ, ಬೀಡಿಕಟ್ಟನ್ನು ಎಳೆದು ಮೇಜಿನ ಮೇಲಿಟ್ಟರು. ಶಿವಗಂಗವ್ವ ಸೆರಗು ಬಿಗಿದು ಹೊರಗೆ ನಡೆದಳು.

“ತಪ್ಪಾತು, ಖರೆ,” ಧರೆಪ್ಪ ಅವಳ ಬೆನ್ನಿಗೆ ಹೇಳಿದ. “ಆದ್ರ ಹೊಲಿಗಿ ಗಟ್ಟಿ ಐತೆಲ್ಲ, ಅಷ್ಟರ ನೋಡ.”

ಡಾಕ್ಟರರು ಬೀಡಿಕಟ್ಟು ತೆಗೆದ ಜಾಗವನ್ನೇ ನೋಡುತ್ತಿದ್ದರು. ಉಬ್ಬು ಇನ್ನೂ ಅಲ್ಲೇ ಇತ್ತು. ಕೆಮ್ಮು ಎಂದರು. ಧರೆಪ್ಪ ಕೆಮ್ಮಿದ. ಅದು ಹಣ್ಣಾದ ಪೇರಲದಷ್ಟಾಯಿತು.

ಧರೆಪ್ಪ ಬಗ್ಗಿ ನೋಡಿದ. ಮೇಜಿನ ಕಡೆ ನೋಡಿದ. ಮತ್ತೆ ಬಗ್ಗಿ ನೋಡಿ, ಬಹಳ ಆಸೆಯಿಂದ ಕೇಳಿದ:

“ಇದೂ ಬೀಡಿಕಟ್ಟ ಏನ್ರಿ, ಸಾಹೇಬ್ರ?”