ಸತ್ತ ನಿರ್ಮಾಪಕರ ಸಹಿ

ಕಾನೂನು ಓದಿದವನಿಗೆ ಸತ್ತವರ ಕಾಗದಪತ್ರ ಹೊಸದೇನಲ್ಲ. ಆದರೆ ತೊಂಬತ್ತರ ದಶಕದಲ್ಲಿ ನನಗೆ ಸತ್ತವರಿಂದ ಉತ್ತರವೂ ಬರತೊಡಗಿತು.

೧. ಕಾರ್ಡು

ಕಾಸರಗೋಡಿನವನಾದ ನಾನು ಆಗ ತಿರುವನಂತಪುರದ ಪಟ್ಟಂನಲ್ಲಿ ಸರ್ಕಾರಿ ಕಾನೂನು ಅಧಿಕಾರಿ. ಮೈಸೂರಿನ ಗೆಳೆಯನೊಬ್ಬ ಅಲ್ಲೇ ರಾಕೆಟ್ ವಿಜ್ಞಾನಿ, ಸಿನಿಮಾ ಹುಚ್ಚ. ಆಲುವದ ಗೋದಾಮಿನಲ್ಲಿ ಅವನಿಗೊಂದು ಹಳೆಯ ಕನ್ನಡ ಚಿತ್ರ ಸಿಕ್ಕಿತು. ಬೇರೆಲ್ಲೂ ಪ್ರತಿ ಇಲ್ಲ. ರೀಲು ಕೊಳೆತು ಹುಳಿ ವಾಸನೆ ಹೊಡೆಯುತ್ತಿತ್ತು. ವಿಡಿಯೋಗೆ ಇಳಿಸದಿದ್ದರೆ ಮುಂದಿನ ಮಳೆಗಾಲಕ್ಕೆ ಅದೂ ಇಲ್ಲ.

“ಸಾಯ್ತಿರೋದನ್ನ ಉಳಿಸೋಕೂ ಅಪ್ಪಣೆ ಬೇಕೇನಯ್ಯಾ?” ಎಂದು ರೇಗಿದ.

ಒಬ್ಬನೇ ನೋಡುವುದಾದರೆ ಏನಾದರೂ ವಾದ ಹೂಡಬಹುದು, ಕನ್ನಡ ಸಂಘದಲ್ಲಿ ತೋರಿಸಲು ಅಪ್ಪಣೆ ಬೇಕೇ ಬೇಕು, ಚಿತ್ರದ ಹಕ್ಕು ಅರವತ್ತು ವರ್ಷ ಇರುತ್ತದೆ ಎಂದೆ. ಫೋರ್ಟ್ ಕೊಚ್ಚಿಯ ನಿರ್ಮಾಪಕರಿಗೆ ರಿಜಿಸ್ಟರ್ಡ್ ಪತ್ರ ಹಾಕಿದೆ. ವಾರದೊಳಗೆ ಅವರ ಸಹಿ ಹೊತ್ತ ಸ್ವೀಕೃತಿ ಕಾರ್ಡು ಬಂತು. ನಿನ್ನ ಆಫೀಸಿಗಿಂತ ವಾಸಿ ಎಂದು ಗೆಳೆಯ ಹಂಗಿಸಿದ.

೨. ಒಳಕೋಣೆ

ಇಬ್ಬರೂ ಫೋರ್ಟ್ ಕೊಚ್ಚಿಗೆ ಹೋಗಿ ನೋಡಿದರೆ ನಿರ್ಮಾಪಕರು ಗೋಡೆಯ ಮೇಲೆ, ಹಾರ ಹಾಕಿಕೊಂಡು. ತೀರಿಕೊಂಡು ಆರು ವರ್ಷವಾಗಿತ್ತಂತೆ. ನನ್ನ ಕಿಸೆಯಲ್ಲಿದ್ದ ಕಾರ್ಡು ತಣ್ಣಗಾದಂತಾಯಿತು.

“ಅವರ ಕೈ ನಡುಗ್ತಿತ್ತು. ಮೂವತ್ತು ವರ್ಷ ಅವರ ಸೈನು ನಾನೇ ಹಾಕಿದ್ದು,” ಎಂದರು ಹೆಂಡತಿ. “ಈಗ ನಿಲ್ಲಿಸಿದ್ರೆ ಬೇಜಾರು ಮಾಡ್ಕೊಳ್ತಾರೆ.”

ಇನ್ನು ಹಕ್ಕು ನಿಮ್ಮದು, ನಿಮ್ಮ ಹೆಸರಲ್ಲೇ ಸಹಿ ಬೇಕು ಎಂದೆ. ಕೇಳಿ ಬರ್ತೇನೆ ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಮಾತು ಕೇಳಿಸಿತು. ಆಮೇಲೆ ಯಾರೋ ಉತ್ತರ ಕೊಡುವಷ್ಟು ಹೊತ್ತು ಮೌನ. ಮತ್ತೆ ಅವರ ಮಾತು. ಆಕಾಶಕ್ಕೆ ರಾಕೆಟ್ ಬಿಡುವವನು ನನ್ನ ಕೈ ಬಿಡಲಿಲ್ಲ.

ಹೊರಬಂದು ತಮ್ಮ ಹೆಸರನ್ನು ನಿಧಾನವಾಗಿ ಬರೆದರು. ಷರತ್ತು ಒಂದೇ: ಕಾಪಿ ಮಾಡುವುದು ಇದೇ ಮನೆಯಲ್ಲಿ, ಅವರ ಎದುರೇ.

೩. ದನಿ

ಗೋಡೆಗೆ ಬಿಳಿ ಪಂಚೆ ಕಟ್ಟಿ, ರೀಲು ಓಡಿಸಿ, ಕ್ಯಾಮೆರಾದಲ್ಲಿ ಹಿಡಿದೆವು. ಕ್ಯಾಮೆರಾ ಕೋಣೆಯ ಸದ್ದನ್ನೂ ಹಿಡಿಯುತ್ತದೆಂದು ಮೂವರೂ ತುಟಿ ಬಿಚ್ಚಲಿಲ್ಲ.

ಸಂಘದಲ್ಲಿ ಟೇಪು ಹಾಕಿದಾಗ, ನಾಯಕನ ಹಾಡಿನ ನಡುವೆ ಗಂಡಸಿನ ದನಿ: “ಸ್ವಲ್ಪ ಮೇಲೆತ್ತು. ತಲೆ ಕಟ್ಟಾಗ್ತಾ ಉಂಟು.”

ನಿಜವಾಗಿಯೂ ನಾಯಕನ ತಲೆ ಕಟ್ಟಾಗಿತ್ತು. ಒಳಕೋಣೆಯ ಕಥೆಯನ್ನು ಗೆಳೆಯ ಮೊದಲೇ ಹೇಳಿಬಿಟ್ಟಿದ್ದರಿಂದ ಅರ್ಧ ಸಭೆ ಎದ್ದು ಬಾಗಿಲಲ್ಲಿತ್ತು.

ಆಕೆಗೆ ಫೋನ್ ಮಾಡಿ ನಡೆದದ್ದು ಹೇಳಿದೆ. “ದನಿ ಸರಿಯಾಗಿ ಕೇಳ್ತದಾ?” ಎಂದರು. ಕೇಳುತ್ತದೆ ಎಂದೆ.

“ಆ ಟೇಪು ನನಗೆ ಕಳಿಸಿ. ಪಿಚ್ಚರಿಗೆ ಅಪ್ಪಣೆ ಕೊಟ್ಟಿದ್ದೇನೆ, ಆ ಮಾತಿಗೆ ಕೊಟ್ಟಿಲ್ಲ. ಅದು ನನ್ನದು.”

ಕಾಯ್ದೆಯನ್ನೆಲ್ಲ ತಿರುವಿ ಹಾಕಿದೆ, ಎದುರು ಹೇಳಲು ಒಂದು ಕಲಮೂ ಸಿಗಲಿಲ್ಲ. ಟೇಪು ಆಕೆಗೆ ಕಳಿಸಿ, ಸಂಘಕ್ಕೆ ಇಟ್ಟುಕೊಂಡ ಕಾಪಿಯಲ್ಲಿ ಅಷ್ಟು ದನಿ ಅಳಿಸಿದೆವು. ಅಲ್ಲಿ ಈಗಲೂ ನಾಯಕ ತಲೆಯೂ ಇಲ್ಲದೆ, ದನಿಯೂ ಇಲ್ಲದೆ ಹಾಡುತ್ತಾನೆ.