ಒಂಬತ್ತು ತಿಂಗಳ ತಲೆ

ನೀವು ಒಂಬತ್ತು ತಿಂಗಳು ತುಂಬಿಸಿಕೊಂಡು ಹುಟ್ಟಿದವರೇ? ಹಾಗಾದರೆ ನಮ್ಮ ಮಾವ್ಶಿಯ ಹತ್ತಿರ ನಿಮಗೆ ಮೂರು ಕಾಸಿನ ಬೆಲೆಯಿಲ್ಲ! ಮಾವ್ಶಿ ಎಂದರೆ ನನ್ನ ಅಮ್ಮನ ತಂಗಿ. ಮಣಿಪಾಲದಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳನ್ನು ನೋಡಿಕೊಳ್ಳುವ ನರ್ಸ್. ಅಂಗೈಯಷ್ಟು ಮಗುವೆಂದರೆ ಅವಳಿಗೆ ಪ್ರಾಣ. ನಾನೋ, ಕಾರ್ಕಳದಲ್ಲಿ ದಿನ ತುಂಬಿ, ಗುಂಡುಗುಂಡಾಗಿ ಹುಟ್ಟಿಬಿಟ್ಟೆ. ಮಾಡಿದ ತಪ್ಪು ಅದೊಂದೇ.

ಕಾಪುವಿನ ನನ್ನ ಮಾಮನ ಮಗ ಜಾಣ. ಏಳನೇ ತಿಂಗಳಿಗೇ ಬಂದ! ಅಪಾಯದ ದಿನಗಳು ಕಳೆದು ಅವನು ಮನೆಗೆ ಬಂದ ಮೇಲೂ ಮಾವ್ಶಿ ಅವನ ತಲೆಯನ್ನು ಎರಡು ಅಂಗೈಗಳ ನಡುವೆ ನೆಟ್ಟಗೆ ಹಿಡಿದು ಕೂರುತ್ತಿದ್ದಳು. ಏಳು ವರ್ಷದ ನನಗೆ ಹೊಟ್ಟೆಯೊಳಗೆ ಕೆಂಡ.

"ಯಾಕೆ ಹಾಗೆ ಹಿಡಿಯುವುದು?" ಎಂದೆ.

"ಗದ್ದೆಯ ಅಂಚಿಗೆ ಹೊಸದಾಗಿ ಕಟ್ಟಿದ ಮಣ್ಣಿನ ಹುಣಿಗೆ ಒಮ್ಮೆಲೇ ನೀರು ನುಗ್ಗಿದರೆ ಎಂತ ಆಗ್ತದೆ? ಒಡೀತದೆ. ಇಂಥ ಮಕ್ಕಳ ಮಿದುಳಿನ ರಕ್ತನಾಳವೂ ಹಾಗೇ ಮಾರಾಯ. ತಲೆ ನೇರ ಇರಬೇಕು, ಎಲ್ಲ ನಿಧಾನ ಆಗಬೇಕು. ಅಲ್ವಾ ಪುತಾ?"

ಪುತಾ, ಅಂದರೆ ಮಗನೇ, ಎಂದದ್ದು ನನಗಲ್ಲ, ಅವನಿಗೆ!

ಅವನ ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಪಾದ್ರಿಗಳು ನೀರೆರೆಯಲು ಬಂದರೆ ಇವಳದು ತಕರಾರು. "ಫಾದರ್, ತಲೆ ತಗ್ಗಿಸಬೇಡಿ. ನೀರು ಬಿಸಿ ಉಂಟಾ? ನಿಧಾನ ಹೊಯ್ಯಿರಿ."

"ಪಾಪ ತೊಳೆಯುವುದು ಬೇಡವಾ ಬಾಯಮ್ಮ?"

"ಇವನು ಎಂತ ಅಷ್ಟು ಪಾಪ ಮಾಡಿದ್ದಾನೆ? ನಿಧಾನ ಹೊಯ್ದರೂ ಹೋಗ್ತದೆ!"

ಮರುವರ್ಷ ನಾನು ಗೇರುಮರದಿಂದ ಬಿದ್ದೆ. ಸುಳ್ಳು ಯಾಕೆ, ತಲೆಯ ಮೇಲೆ ಎದ್ದ ಬುಗುಟನ್ನು ಕಂಡು ಒಳಗೊಳಗೇ ಹಿಗ್ಗಿದೆ. ಈಗಲಾದರೂ ಮಾವ್ಶಿ ನನ್ನ ತಲೆ ಹಿಡಿಯದೆ ಎಲ್ಲಿ ಹೋಗುತ್ತಾಳೆ! ಅವಳು ದೂರದಿಂದಲೇ ಕಣ್ಣುಹಾಯಿಸಿ, "ನಿನಗೆ ಎಂತದೂ ಆಗುವುದಿಲ್ಲ. ಒಂಬತ್ತು ತಿಂಗಳು ಬೆಂದ ತಲೆ ಅದು," ಎಂದು ಕಾಪುವಿನ ಬಸ್ಸು ಹತ್ತಿದಳು. ಆ ಏಳು ತಿಂಗಳಿನವನು ಈಗ ಆರಡಿಯ ಗೂಳಿ. ಹಬ್ಬದೂಟದಲ್ಲಿ ರೊಟ್ಟಿಯ ಬುಟ್ಟಿಯನ್ನೇ ಖಾಲಿ ಮಾಡುತ್ತಾನೆ. ಮಾವ್ಶಿ ಮಾತ್ರ ಇಂದಿಗೂ ಅವನ ದಿಂಬು ಸರಿಪಡಿಸುತ್ತಾಳೆ. ನನಗೆ ಇಂದಿಗೂ ಉರಿಯುತ್ತದೆ!

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಏಳನೇ ತಿಂಗಳಿಗೇ ಹುಟ್ಟಿದಳು.

ಮಣಿಪಾಲದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಅವಳ ತಲೆ ನೇರವಾಗಿತ್ತು. ಅದನ್ನು ಹಾಗೆ ಇಟ್ಟವಳು ಯಾರೆಂದು ನನಗೆ ಗೊತ್ತಿತ್ತು. ಮಿದುಳಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ, ಎಲ್ಲಾದರೂ ಒಡೆದಿದೆಯೇ ಎಂದು ನೋಡಲು ಡಾಕ್ಟರು ಮೆತ್ತಗಿನ ನೆತ್ತಿಯ ಮೇಲೆ ಸ್ಕ್ಯಾನಿನ ಕಡ್ಡಿ ಇಟ್ಟರು. ನನಗೆ ಆ ಪರದೆ ನೋಡುವ ಧೈರ್ಯವಾಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದೆ.

ಹಿಂದಿನಿಂದ ಎರಡು ಅಂಗೈಗಳು ಬಂದು ನನ್ನ ಕೆನ್ನೆಗಳನ್ನು ಹಿಡಿದವು. ನಿಧಾನವಾಗಿ, ಬಹಳ ನಿಧಾನವಾಗಿ ತಲೆಯನ್ನು ನೇರಕ್ಕೆ ತಂದವು.

"ನೋಡು ಪುತಾ. ಎಲ್ಲೂ ಒಡೆಯಲಿಲ್ಲ. ಸರಿ ಹರಿಯುತ್ತಾ ಉಂಟು."

ಪರದೆಯ ಮೇಲೆ ಕೆಂಪು ಬಣ್ಣ ಮಿಡಿಯುತ್ತಿತ್ತು. ಮಾವ್ಶಿ ಕೈ ತೆಗೆಯಲಿಲ್ಲ. ನಾನೂ ತಲೆ ಅಲುಗಿಸಲಿಲ್ಲ.